ಮುನಿರಾಜುವಿಗೆ ತಿಳಿಯದ ವಾಸನೆ

ನಾಗಸಂದ್ರದ ಹಳೇ ಊರಿನ ಮುನಿರಾಜು ಪೀಣ್ಯದಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಫೋರ್‌ಮನ್ ಆಗಿದ್ದ. ಅಷ್ಟೂ ಮೆಷಿನ್‌ಗಳ ಸದ್ದಿನ ಮೇಲೆ ಅವನ ಕೂಗು ಕೇಳಿಸುತ್ತಿತ್ತು. ಗಂಟಲಿಗೆ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಆ ಕೂಗು ಹೋಯಿತು. ಕುತ್ತಿಗೆಯ ಬುಡದಲ್ಲೊಂದು ತೂತು ಉಳಿಯಿತು. ಉಸಿರಾಟವೆಲ್ಲ ಅದರಲ್ಲೇ.

ರೇಡಿಯೇಷನ್ ಮುಗಿದಾಗ ನೆಂಟರೆಲ್ಲ ಬಂದರು. ಗಂಡ ಉಳಿದುಕೊಂಡನಲ್ಲ ಎಂದು ಹೆಂಡತಿ ಪಿಳ್ಳಮ್ಮನ ಕೈ ಹಿಡಿದು ಸಮಾಧಾನ ಹೇಳಿ ಹೋದರು. ತೂತಿನಿಂದ ಕಫ ಹಾರುವುದನ್ನು ಕಂಡವರು ಮತ್ತೆ ಬರಲಿಲ್ಲ. ಮುನಿರಾಜು ಹಗಲೆಲ್ಲ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದ. ಹೊರಗೆ ಮೆಟ್ರೋ ಕಂಬಗಳಿಗಾಗಿ ನೆಲ ಕೊರೆಯುತ್ತಿದ್ದರು. ಗೋಡೆ ಅದುರುತ್ತಿತ್ತು. ಕಿಟಕಿ ತೆಗೆದರೆ ಧೂಳು ನೇರ ಎದೆಗೇ ಇಳಿಯುತ್ತಿತ್ತು. ಹೆಂಡತಿ ಏನಾದರೂ ಕೇಳಿದರೆ ಸ್ಲೇಟಿನ ಮೇಲೆ ಒಂದು ಪದ ಗೀಚುತ್ತಿದ್ದ. ಬರುಬರುತ್ತಾ ಅದೂ ನಿಂತಿತು.

ಚೆಕಪ್ಪಿಗೆ ಹೋದಾಗ ಡಾಕ್ಟರು ಕುತ್ತಿಗೆ ಒತ್ತಿ ನೋಡಿ, ಗಂಟಿಲ್ಲ ಎಂದು ಕಳಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ತೂತು ಸ್ವಚ್ಛ ಮಾಡಿ ಬಟ್ಟೆ ಕಟ್ಟುವವಳು ನರ್ಸ್ ಶಶಿಕಲಾ. ಸ್ನಾನ ಹೇಗೆ ಮಾಡುತ್ತಾನೆ, ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ ಎಂದೆಲ್ಲ ಅವಳು ಕೂತು ಕೇಳುತ್ತಿದ್ದಳು. ಒಂದು ಸಲ ಕೇಳಿದಳು: “ಅನ್ನ ಸೀದ್ರೆ ನಿಮಗೆ ಗೊತ್ತಾಗುತ್ತಾ, ಮುನಿರಾಜಣ್ಣ?”

ಅವನು ಮುಖ ತಿರುಗಿಸಿದ.

“ಅದ್ಯಾಕ್ ಸಿಸ್ಟರ್ ಅಂಗ್ ಕೇಳ್ತೀರಾ?” ಎಂದಳು ಪಿಳ್ಳಮ್ಮ.

“ಈಗ ಮೂಗಲ್ಲಿ ಗಾಳಿ ಆಡಲ್ಲಮ್ಮ. ವಾಸನೆ ತಿಳಿಯಲ್ಲ. ತುಂಬಾ ಜನ ಹೇಳ್ಕೊಳ್ಳಲ್ಲ.”

ಪಿಳ್ಳಮ್ಮ ಗಂಡನನ್ನೇ ನೋಡಿದಳು. ಒಗ್ಗರಣೆ ಹಾಕಿದಾಗಲೆಲ್ಲ ಘಮ ಹಿಡಿದವನಂತೆ ತಲೆದೂಗುತ್ತಿದ್ದನಲ್ಲ! ಇಷ್ಟು ದಿನ ನಟಿಸಿದ್ದನೇ?

ಶಶಿಕಲಾ ಅವಳಿಗೆ ಹೇಳಿಕೊಟ್ಟಳು. ಅವನೊಬ್ಬನನ್ನೇ ಬಿಟ್ಟು ಹೋಗುವಾಗ ಸಿಲಿಂಡರ್ ಆಫ್ ಮಾಡಬೇಕು. ಅವನು ಒಲೆ ಹಚ್ಚುವ ಮುಂಚೆ ಗ್ಯಾಸ್ ಸೋರುವ ಸದ್ದಿದೆಯೇ ಎಂದು ಬಗ್ಗಿ ಕಿವಿಗೊಟ್ಟು ಕೇಳಬೇಕು. ಕೂಗಲು ಆಗುವುದಿಲ್ಲವಾದ್ದರಿಂದ ಬಡಿದು ಜನರನ್ನು ಕರೆಯಲು ಬೀದಿ ಬಾಗಿಲ ಹತ್ತಿರ ತಟ್ಟೆ, ಸೌಟು ಇಟ್ಟಿರಬೇಕು. ಆಮೇಲೆ ಮುನಿರಾಜುವಿನ ಕಡೆ ತಿರುಗಿ, ಗಂಟಲಲ್ಲಿ ಸಣ್ಣ ವಾಲ್ವ್ ಕೂರಿಸಿದರೆ ಮತ್ತೆ ಮಾತಾಡಬಹುದು, ಹಾಗೆ ಮಾತು ಕಲಿತವರನ್ನು ಪರಿಚಯ ಮಾಡಿಸುತ್ತೇನೆ ಎಂದಳು. ಅವನು ಬೇಡವೆಂದು ಕೈಯಾಡಿಸಿದ.

ಮಾಕಳಿಯಲ್ಲಿದ್ದ ತಂಗಿಯ ಅತ್ತೆ ತೀರಿಕೊಂಡ ಸುದ್ದಿ ಬಂದಾಗ ಪಿಳ್ಳಮ್ಮ ಗಡಿಬಿಡಿಯಲ್ಲಿ ಹೊರಟಳು. ಸಿಲಿಂಡರ್ ಆಫ್ ಮಾಡುವುದನ್ನು ಮರೆತಳು. ಅದರ ರಬ್ಬರ್ ಪೈಪು ಹಳೆಯದು, ಯಾವಾಗಲೋ ಸೀಳಿತ್ತು.

ಮಧ್ಯಾಹ್ನ ಮುನಿರಾಜು ಗಂಜಿ ಬಿಸಿ ಮಾಡಲು ಅಡುಗೆಮನೆಗೆ ಹೋದ. ಧೂಳಿಗೆ ಹೆದರಿ ಕಿಟಕಿ ಮುಚ್ಚಿಯೇ ಇಟ್ಟಿದ್ದ. ನರ್ಸ್ ಹೇಳಿದ್ದು ನೆನಪಾಗಿ ಬಗ್ಗಿ ಕಿವಿಗೊಟ್ಟ. ಹೊರಗೆ ನೆಲ ಕೊರೆಯುವ ಗದ್ದಲ, ಬೇರೇನೂ ಕೇಳಿಸಲಿಲ್ಲ. ಬೆಂಕಿಪೊಟ್ಟಣ ತೆಗೆದು ಕಡ್ಡಿ ಹಿಡಿದ. ಅಷ್ಟರಲ್ಲಿ ಕೆಲಸದವರು ಊಟಕ್ಕೆ ಎದ್ದರೋ ಏನೋ, ಯಂತ್ರ ನಿಂತಿತು. ಆ ಮೌನದಲ್ಲಿ ಕಾಲ ಬುಡದಲ್ಲೇ ಸುಸ್ಸೆಂಬ ಸದ್ದು.

ಅವನು ಕಡ್ಡಿ ಬಿಸಾಡಿ ಸಿಲಿಂಡರ್ ಆಫ್ ಮಾಡಿ, ತಡವರಿಸುತ್ತಾ ಬೀದಿ ಬಾಗಿಲಿಗೆ ಬಂದ. ತಲೆ ಸುತ್ತುತ್ತಿತ್ತು. ಬಾಯಿ ತೆರೆದು ಕೂಗಿದ. ತೂತಿನಿಂದ ಬರೀ ಗಾಳಿ ಬಂತು. ತಟ್ಟೆ, ಸೌಟು ಎತ್ತಿಕೊಂಡು ಬೀದಿಗಿಳಿದು ಬಡಿಯತೊಡಗಿದ. ಎದುರುಮನೆಯ ನರಸಿಂಹಯ್ಯ ಓಡಿ ಬಂದವನೇ ಮೂಗು ಮುಚ್ಚಿಕೊಂಡ.

“ಅಯ್ಯೋ, ಗ್ಯಾಸ್ ಕಣೋ! ಬೀದಿಗೆಲ್ಲಾ ನಾರ್ತೈತೆ. ನಿಂಗ್ ಗೊತ್ತಾಗ್ಲಿಲ್ವೇನೋ?”

ಮುನಿರಾಜು ತಟ್ಟೆಯನ್ನು ಎದೆಗವಚಿಕೊಂಡು ಮಣ್ಣಿನಲ್ಲೇ ಕುಸಿದು ಕೂತ.

ಮುಂದಿನ ಚೆಕಪ್ಪಿನವರೆಗೂ ಅವನು ಕಾಯಲಿಲ್ಲ. ತಾನೇ ಪಿಳ್ಳಮ್ಮನನ್ನು ಕರೆದುಕೊಂಡು ಶಶಿಕಲಾಳ ಹತ್ತಿರ ಹೋದ. ವಾಲ್ವ್ ಕೂರಿಸಿದರು. ಹೆಬ್ಬೆರಳಿನಿಂದ ತೂತು ಮುಚ್ಚಿ ಮಾತಾಡುವುದನ್ನು ವಾರಗಟ್ಟಲೆ ಕಲಿತ. ಮನೆಯಲ್ಲಿ ಮೊದಲ ಸಲ “ಪಿಳ್ಳಮ್ಮಾ” ಎಂದಾಗ ಅವಳು ಬೆಚ್ಚಿ ಹಿಂದೆ ಸರಿದಳು. ಅದು ಅವಳು ಬಲ್ಲ ಧ್ವನಿಯಾಗಿರಲಿಲ್ಲ. ಯಾರೋ ಮಣ್ಣಿನೊಳಗಿಂದ ಕರೆದ ಹಾಗಿತ್ತು. ಅವತ್ತು ಅವಳು ಅತ್ತದ್ದು ಸಂತೋಷಕ್ಕೋ ಭಯಕ್ಕೋ ಅವಳಿಗೇ ತಿಳಿಯಲಿಲ್ಲ.

ಆಮೇಲಿನ ಚೆಕಪ್ಪಿನಲ್ಲಿ ಬಟ್ಟೆ ಬದಲಿಸುತ್ತಿದ್ದ ಶಶಿಕಲಾಳ ಬೆರಳು ದವಡೆಯ ಕೆಳಗೆ ಒಂದು ಗಂಟಿನ ಮೇಲೆ ನಿಂತುಬಿಟ್ಟಿತು. ಎದ್ದು ಹೋಗಿ ಡಾಕ್ಟರನ್ನು ಕರೆತಂದಳು. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಶಶಿಕಲಾಳೇ ಫೋನ್ ಮಾಡುತ್ತಿದ್ದಳು. ಪಿಳ್ಳಮ್ಮ ಬರೀ ಉಸಿರು ಬಿಡುತ್ತಿದ್ದರೂ ಶಶಿಕಲಾ ಫೋನ್ ಇಡುತ್ತಿರಲಿಲ್ಲ.

ಕ್ಯಾನ್ಸರ್ ಅಲ್ಲ, ಬರೀ ಸೋಂಕು ಎಂದು ರಿಪೋರ್ಟ್ ಬಂತು.

ಮುನಿರಾಜು ತೂತು ಮುಚ್ಚಿ ಕೇಳಿದ: “ಇನ್ ಬರಲ್ಲ ಅಲ್ವಾ, ಸಿಸ್ಟರ್?”

“ಬರಲ್ಲ ಅಂತ ನಾನ್ ಹೇಳಕ್ಕಾಗಲ್ಲಣ್ಣ. ಬಂದ್ರೆ ಬೇಗ ತಿಳಿಯೋ ಹಾಗೆ ನೋಡ್ಕೊಳ್ಳೋಣ. ಮನೇಲಿ ಇಬ್ರೂ ಮುಚ್ಚಿಟ್ಕೋಬೇಡಿ, ಅಷ್ಟೇ.”

ಈಗ ಅವನು ಬೆಳಿಗ್ಗೆ ಎಚ್ಚರವಾದ ಕೂಡಲೇ, ಕಣ್ಣು ಬಿಡುವ ಮೊದಲೇ, ಕುತ್ತಿಗೆ ತಡವಿಕೊಳ್ಳುತ್ತಾನೆ. ಪಕ್ಕದಲ್ಲಿ ಪಿಳ್ಳಮ್ಮ ಅಲುಗಾಡದೆ ಕಾಯುತ್ತಾಳೆ.

“ಐತಾ?”

“ಇಲ್ಲ,” ಎನ್ನುತ್ತದೆ ಆ ಒಡಕು ಧ್ವನಿ. ಆಮೇಲೆ ಇಬ್ಬರೂ ಏಳುತ್ತಾರೆ.