ತಲೆಯ ಮೇಲೊಂದು ಕಣ

ದಿನಕ್ಕೊಮ್ಮೆಯಾದರೂ ನನ್ನ ಚಾಳೀಸು ಕಳೆಯುತ್ತದೆ. ಕನ್ನಡಕವೆಂಬ ಸಭ್ಯ ಶಬ್ದವನ್ನು ಜೀವಮಾನವಿಡೀ ಮಕ್ಕಳಿಗೆ ಕಲಿಸಿದ ಕನ್ನಡ ಮಾಸ್ತರನಾದರೂ, ಅದು ಕಳೆದಾಗ ಮಾತ್ರ ನಮ್ಮ ಇಂಡಿ ಊರಿನ ಚಾಳೀಸೇ ಬಾಯಿಗೆ ಬರುತ್ತದೆ. ‘ಚಾಳೀಸು ಹೋತು’ ಎಂದು ನಾನು ಸಾರುವ ಅಬ್ಬರಕ್ಕೆ ಓಣಿಯೇ ನಗುತ್ತದೆ. ಕಾಣದ್ದನ್ನೆಲ್ಲ ಹೋಯಿತೆಂದು ತೀರ್ಮಾನಿಸುವ ಈ ಚಾಳಿ, ಚಾಳೀಸಿನ ಚಾಳಿ ಎನ್ನಿ, ಮಗಳಿಗೂ ಬಂದಿದೆಯೆಂದು ತಿಳಿದದ್ದು ಕಳೆದ ಸುಗ್ಗಿಯಲ್ಲಿ.

ಮಗಳು ವೈದೇಹಿ ಸಂಶೋಧಕಿ. ಭೂಮಿಯೊಂದು ದೊಡ್ಡ ಅಯಸ್ಕಾಂತವಂತೆ. ಅದಕ್ಕೆ ಸಿಕ್ಕಿಬಿದ್ದ ವಿದ್ಯುತ್ ಕಣಗಳು ಅದರ ಸುತ್ತ ಹಗಲಿರುಳು ತಿರುಗುತ್ತವಂತೆ. ಸೂರ್ಯನ ಗಾಳಿ ರೊಚ್ಚಿಗೆದ್ದರೆ ಕಾಂತ ಬಿರುಗಾಳಿ ಏಳುತ್ತದಂತೆ. ಈ ಅಂತೆಗಳ ಸಂತೆಯಲ್ಲಿ ನನಗೆ ದಕ್ಕಿದ್ದು ಇಷ್ಟು: ಬಿರುಗಾಳಿಯಲ್ಲಿ ಉಪಗ್ರಹಕ್ಕೆ ಕಾಣದಾದ ಕಣಗಳು ಆಕಾಶದಲ್ಲಿ ಮರಳಿ ಬರುತ್ತವೆ, ಇವಳು ಕಂಪ್ಯೂಟರಿನಲ್ಲಿ ಕಟ್ಟಿದ ಲೆಕ್ಕದಲ್ಲಿ ಬರುವುದಿಲ್ಲ. ನಾಲ್ಕು ವರ್ಷದ ದುಡಿಮೆ ಕೈಕೊಟ್ಟಿತೆಂದು, ಸಂಶೋಧನೆ ಬಿಡುತ್ತೇನೆಂಬ ಪತ್ರ ಬರೆದಿಟ್ಟು, ಸಂಜೆಗೆ ಗುರುಗಳಿಗೆ ಕಳಿಸುವುದೆಂದು ಕಟ್ಟೆಯ ಮೇಲೆ ಕುಳಿತಿದ್ದಳು. ಶಬ್ದಕೋಶವೆಲ್ಲ ಬಾಯಿಪಾಠವಿದ್ದ ನಾನು ಸಮಾಧಾನದ ಒಂದು ಶಬ್ದ ಹುಡುಕುತ್ತ ಅಂಗಳ ಸುತ್ತುತ್ತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ಶಂಕ್ರವ್ವ ಸೆರಗಿನ ತುಂಬ ಲಿಂಬೆಹಣ್ಣು ತಂದು ಸುರಿದು, ಹುಡುಗಿಯ ಮುಖ ಯಾಕೆ ಬಾಡಿದೆಯೆಂದು ವಿಚಾರಿಸಿದಳು. ಗಾಳಿ ಎದ್ದು ಕಣ ಖಾಲಿಯಾಯಿತು, ಹೋದವು ಹೊಳ್ಳಿ ಬರುತ್ತಿಲ್ಲ ಎಂದು ವೈದೇಹಿ ಹೇಳಿದಳು. ಜೋಳದ ರಾಶಿ ಮಾಡುತ್ತಲೇ ಮುದುಕಿಯಾದ ಶಂಕ್ರವ್ವನಿಗೆ ಕಣವೆಂದರೆ ಒಂದೇ: ನಡುವೆ ಮೇಟಿ ಎಂಬ ಕಂಬ ನೆಟ್ಟು, ಅದಕ್ಕೆ ಹಗ್ಗ ಬಿಗಿದು, ತೆನೆಗಳ ಮೇಲೆ ಎತ್ತು ತಿರುಗಿಸುವ ಕಣ. ಈಗ ಆ ಕೆಲಸವನ್ನೆಲ್ಲ ಯಂತ್ರ ಮಾಡುತ್ತದೆ. ಅವಳ ಮನಸ್ಸಿನಲ್ಲಿ ಮಾತ್ರ ಎತ್ತುಗಳು ಇನ್ನೂ ತಿರುಗುತ್ತಿವೆ.

“ಎತ್ತು ಎಲ್ಲಿ ಹೋಗ್ತಾವವ್ವಾ? ಗಾಳಿಗೆ ಹಗ್ಗ ಸಡಲಾಗಿ ಹೊರಗ ಸರದಿರ್ತಾವು. ನೀ ಮೇಟಿ ಹತ್ರ ನಿಂತು ನೋಡಾಕತ್ತಿ. ಹಗ್ಗ ಬಿಗಿ ಆತಂದ್ರ ತಾವ ಹೊಳ್ಳಿ ಬರ್ತಾವು.”

ನಾನು ನಕ್ಕೆ. ಕಣ ಶಬ್ದಕ್ಕೆ ಎರಡು ಅರ್ಥವುಂಟೆಂದು ಮಾಸ್ತರಿಕೆ ಶುರುಮಾಡಿಯೂ ಬಿಟ್ಟೆ. ವೈದೇಹಿ ನಗಲಿಲ್ಲ. ಕೈಯೆತ್ತಿ ನನ್ನನ್ನು ಸುಮ್ಮನಿರಿಸಿ, “ಹಗ್ಗ… ನಾ ಹಗ್ಗ ಸಡಲ ಮಾಡೇ ಇಲ್ಲಪ್ಪಾ” ಎಂದಳು.

ಶಾಂತ ದಿನದ ಕಾಂತಬಲವನ್ನೇ ಬಿರುಗಾಳಿಯ ದಿನಕ್ಕೂ ಲೆಕ್ಕಕ್ಕೆ ಹಾಕಿಬಿಟ್ಟಿದ್ದಳಂತೆ. ಬಿರುಗಾಳಿಯಲ್ಲಿ ಭೂಮಿಯ ಹಿಡಿತ ಸಡಿಲಾಗಿ ಕಣಗಳು ದೂರದ ಸುತ್ತಿಗೆ ಸರಿಯುತ್ತವೆ. ಕೆಲವು ನಿಜವಾಗಿಯೂ ಹೋಗುತ್ತವೆ, ಉಳಿದವು ಹಿಡಿತ ಬಿಗಿಯಾದಂತೆ ಮರಳುತ್ತವೆ. ಆ ವಿದ್ಯೆಯವರಿಗೆಲ್ಲ ಗೊತ್ತಿರುವ ಮಾತೇ ಅದು, ಇವಳು ಮರೆತದ್ದಷ್ಟೆ ಎಂದು ಗುರುಗಳು ಆಮೇಲೆ ಬೈದರಂತೆ. ಬೈಸಿಕೊಳ್ಳಲು ಗುರುಗಳಿದ್ದರು, ಮುಂದುವರಿಸಲು ಸಂಶೋಧನೆಯಿತ್ತು. ಸಂಜೆಯೊಳಗೆ ಲೆಕ್ಕ ಕೂಡಿತ್ತು, ಪತ್ರ ಅಳಿಸಿಹೋಗಿತ್ತು. ನನಗೆ ಅಳುವೇ ಬಂತು.

ಈ ಕಣ ಆಕಾಶದಲ್ಲಿದೆಯೆಂದು ಶಂಕ್ರವ್ವನಿಗೆ ಕೊನೆಗೂ ಬಿಡಿಸಿ ಹೇಳಿದೆ. ಅವಳು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಮೇಲೆ ನೋಡಿದಳು. “ಅಷ್ಟು ದೊಡ್ಡ ಕಣಕ್ಕ ಮೇಟಿ ಯಾವದ್ರಿ?” ಎಂದು ಕೇಳಿದಳು. ನಾವು ನಿಂತ ಈ ಭೂಮಿಯೇ ಮೇಟಿ ಎನ್ನುವಾಗ ನನ್ನ ಮೈ ಜುಮ್ಮೆಂದಿತು. ಇಂಡಿಯ ಲಿಂಬೆ ತೋಟಗಳ ಮೇಲೆ, ಸಿಂದಗಿಯ ತೊಗರಿ ಹೊಲಗಳ ಮೇಲೆ, ಸದ್ದಿಲ್ಲದೆ, ದೂಳಿಲ್ಲದೆ, ಎಂಥ ರಾಶಿ ನಡೆದಿದೆ! ಒಂದೇ ಒಂದು ದಿನವೂ ತಲೆಯೆತ್ತಿ ಅದನ್ನು ನೆನೆಯದೆ ಇಷ್ಟು ವರ್ಷ ಬದುಕಿದೆನಲ್ಲ.

ಮರುದಿನ ಬೆಳಿಗ್ಗೆ ಚಾಳೀಸು ಮತ್ತೆ ಕಾಣಲಿಲ್ಲ. ಹೋತು ಎನ್ನಲು ನಾಲಿಗೆ ಏಳಲಿಲ್ಲ. ಎಲ್ಲೋ ಹೊರಗಿನ ಸುತ್ತಿನಲ್ಲಿರಬೇಕೆಂದು ಅಂಗಳದಲ್ಲಿ ತಡಕಾಡುತ್ತಿದ್ದೆ. ಅಡುಗೆಮನೆಯಿಂದ ಹೆಂಡತಿ ಹೇಳಿದಳು: “ತಲೀ ಮ್ಯಾಲೇ ಅದ ನೋಡ್ರಿ.”

ನಾನು ಆಕಾಶ ನೋಡಿದೆ.