ಹಿಲ್ಡಾ ಬಾಯಿಯವರ ಮಾತ್ರೆ ಡಬ್ಬಿ

ಹಿಲ್ಡಾ ಬಾಯಿಯವರ ವ್ಯಾನಿಟಿ ಬ್ಯಾಗಿನಲ್ಲಿ ಜಪಮಾಲೆಯ ಪಕ್ಕದಲ್ಲೇ ಒಂದು ಸಣ್ಣ ಕತ್ತರಿ ಇರುತ್ತಿತ್ತು. ಅದು ಮಾತ್ರೆಯ ಶೀಟು ಕತ್ತರಿಸುವುದಕ್ಕೆ. ಹತ್ತು ಮಾತ್ರೆಯ ಶೀಟನ್ನು ಒಂದೊಂದಾಗಿ ಕತ್ತರಿಸಿ, ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಪೊಟ್ಟಣ ಕಟ್ಟಿ, ಮೇಲೆ ಕನ್ನಡದಲ್ಲಿ ಬರೆದಿಡುತ್ತಿದ್ದರು: ತಲೆ, ಹೊಟ್ಟೆ, ಗಂಟಲು, ಮೊಣಕಾಲು. ಪೊಟ್ಟಣಗಳೆಲ್ಲ ಬಿಸ್ಕತ್ತಿನ ಒಂದು ದೊಡ್ಡ ತಗಡಿನ ಡಬ್ಬಿಯಲ್ಲಿ. ಆ ಡಬ್ಬಿಯೊಳಗೆ ಯಾವ ಔಷಧಿಗೂ ಅದರ ಹೆಸರಿರಲಿಲ್ಲ.

ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ನಮ್ಮದು ಎರಡನೇ ಮಹಡಿ, ಅವರದು ಮೂರನೆಯದು. ಅವರು ಮಂಗಳೂರಿನ ಕೊಂಕಣಿ ಕ್ರೈಸ್ತರು. ಅವರಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತಾರೆ. ನಾವು ಮೈಸೂರಿನವರು. ನನ್ನ ಯಜಮಾನರು ಇಲ್ಲಿಯ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕೆಂದು ಬಂದಾಗ ಮಗಳು ಅನಘಾಗೆ ನಾಲ್ಕು ವರ್ಷ. ಬಂದ ವಾರದಲ್ಲೇ ನನಗೆ ಜ್ವರ ಬಂತು. ಗೊತ್ತಿಲ್ಲದ ಊರು, ಯಜಮಾನರು ಡ್ಯೂಟಿಗೆ ಹೋಗಿದ್ದರು. ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಎರಡು ಜಡೆಯ ಹುಡುಗಿಯೊಬ್ಬಳು ಅಂಗೈಯಲ್ಲಿ ಪೊಟ್ಟಣ ಹಿಡಿದು ನಿಂತಿದ್ದಳು. ಅವಳ ಹಿಂದೆ, ಗಂಜಿಯ ಪಾತ್ರೆ ಹಿಡಿದು ಅವಳ ತಾಯಿ ಹಿಲ್ಡಾ ಬಾಯಿ.

"ಎಂತ ಮಾರಾಯ್ತಿ, ಜ್ವರ ಅಂತೆ? ಗೇಟು ಕಾಯುವ ಆಸ್ಕರಿ ಹೇಳಿದ. ಇದು ನುಂಗು, ಮೇಲೆ ಗಂಜಿ ಕುಡಿ."

"ಯಾವ ಮಾತ್ರೆ ಇದು?"

"ಹೆಸರು ಕೇಳ್ಲಿಕ್ಕೆ ನೀನು ಡಾಕ್ಟ್ರಾ? ನುಂಗು."

ನುಂಗಿದೆ. ಸಂಜೆಗೆ ಜ್ವರ ಇಳಿಯಿತು. ನಾನು ದಿನವೂ ದೇವರಿಗೆ ದೀಪ ಹಚ್ಚುವಾಗ ಆ ದಿನ ಕಂಡ ಒಳ್ಳೆಯದನ್ನು ನೆನೆಯುವವಳು. ನಲ್ಲಿಯಲ್ಲಿ ನೀರು ಬಂದದ್ದೂ ಅದರಲ್ಲಿ ಸೇರುತ್ತದೆ, ಮೊಂಬಾಸಾ ರಸ್ತೆಯ ಜಾಮ್ ದಾಟಿ ಯಜಮಾನರು ಹೊತ್ತಿಗೆ ಸರಿಯಾಗಿ ಮನೆ ಸೇರಿದ್ದೂ ಸೇರುತ್ತದೆ. ಆ ಸಂಜೆ ಹಿಲ್ಡಾ ಬಾಯಿ ಸೇರಿದರು.

ಊರಿಗೆ ಹೋದವರು ತಿಂಗಳ ರಜೆ ಮುಗಿಸಿ ಬರುವಾಗ ಸಾರಿನ ಪುಡಿ, ಹಪ್ಪಳದ ಜೊತೆ ಮಾತ್ರೆಯನ್ನೂ ತರುವುದು ಇಲ್ಲಿ ನಮ್ಮೆಲ್ಲರ ಪದ್ಧತಿ. ನಮ್ಮ ಮೈಗೆ ನಮ್ಮೂರ ಮದ್ದೇ ಹಿಡಿಯುವುದು ಎಂಬ ನಂಬಿಕೆ. ಯಾರೇ ತಂದರೂ ಅರ್ಧ ಭಾಗ ಹಿಲ್ಡಾ ಬಾಯಿಯ ಡಬ್ಬಿಗೆ ಹೋಗುತ್ತಿತ್ತು, ಅಲ್ಲಿಂದ ಬೇಕಾದ ಮನೆಗೆ ಬರುತ್ತಿತ್ತು. ಮನೆಮನೆಗೆ ಮುಟ್ಟಿಸುವವಳು ಅವರ ಒಬ್ಬಳೇ ಮಗಳು ಶರೆಲ್. ಮೆಟ್ಟಿಲು ಇಳಿಯುತ್ತ ಹಾಡು ಗುನುಗುವ ಹುಡುಗಿ. ಅನಘಾಳ ಜಡೆ ಹಾಕಿದವಳು, ಅವಳಿಗೆ ಸೈಕಲ್ ಕಲಿಸಿದವಳು, ನನ್ನ ಬಿಸಿಬೇಳೆಬಾತಿಗೆ ಕರೆಯದೆಯೇ ಬಂದು ಕೂರುತ್ತಿದ್ದವಳು. ನಾನು ಕನ್ನಡದಲ್ಲಿ ಕೇಳಿದರೆ ಅನಘಾ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಶರೆಲ್ ಮಾತ್ರ ತಾಯಿಯ ಹಾಗೇ, "ಎಂತ ಆಂಟಿ, ತುಪ್ಪ ಇಲ್ಲವಾ?" ಎನ್ನುತ್ತಿದ್ದಳು.

ಕೋವಿಡ್ ಕಳೆದ ಮೇಲೆ ಶರೆಲ್ ಕೆನಡಾಕ್ಕೆ ಹೋದಳು. ಸಣ್ಣ ಮಕ್ಕಳಿಗೆ ಪಾಠ ಹೇಳುವುದಕ್ಕೆ ಬೇಕಾದ ಓದು. ಓದಿನ ಜೊತೆ ಒಂದು ಅಂಗಡಿಯಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸ. ಹೋಗಿ ಹದಿನಾಲ್ಕು ತಿಂಗಳಿಗೆ ಅಲ್ಲಿಂದ ಫೋನ್ ಬಂತು: ಮಲಗಿದವಳು ಏಳಲಿಲ್ಲ. ಇಪ್ಪತ್ತೆರಡು ವರ್ಷ. ಹೃದಯಾಘಾತ ಇರಬೇಕು ಎಂದು ನಾವೆಲ್ಲ ಅಂದುಕೊಂಡೆವು, ಅವಳ ತಂದೆ ಗ್ರೆಗರಿಯವರು ಎಲ್ಲರಿಗೂ ಹಾಗೆಯೇ ಹೇಳಿದರು.

ಇಲ್ಲಿ ತಾಯಂದಿರನ್ನು ಮಕ್ಕಳ ಹೆಸರು ಹಿಡಿದು ಕರೆಯುತ್ತಾರೆ. ನಾನು ಮಾಮಾ ಅನಘಾ, ಅವರು ಮಾಮಾ ಶರೆಲ್. ಶರೆಲ್ ಮಣ್ಣಾದ ಮೇಲೆ ಹಾಗೆ ಕರೆಯುವುದೋ ಬಿಡುವುದೋ ತಿಳಿಯದೆ ನಾವೆಲ್ಲ ಬಾಯಿ ಕಟ್ಟಿಕೊಂಡೆವು. ನಮ್ಮ ಮನೆಗೆಲಸದ ವಂಜಿರು ಮಾತ್ರ ಮೆಟ್ಟಿಲಲ್ಲಿ ಸಿಕ್ಕಾಗ ಎಂದಿನಂತೆ, "ಪೋಲೆ ಸಾನಾ, ಮಾಮಾ ಶರೆಲ್" ಎಂದಳು. ಬಹಳ ದುಃಖವಾಯಿತು ಎಂದರ್ಥ. ಹಿಲ್ಡಾ ಬಾಯಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ನನ್ನ ಕಡೆ ತಿರುಗಿ, "ನೋಡು, ಇವಳೊಬ್ಬಳು ಹೆಸರು ಹೇಳ್ತಾಳೆ" ಎಂದರು. ನನಗೆ ನಾಚಿಕೆಯಾಯಿತು.

ಕೆಲವು ತಿಂಗಳ ನಂತರ ಅಲ್ಲಿಂದ ಮರಣೋತ್ತರ ಪರೀಕ್ಷೆಯ ವರದಿ ಬಂತು. ಹಿಲ್ಡಾ ಬಾಯಿ ಅದನ್ನು ಹಿಡಿದು ನೇರ ನಮ್ಮ ಅಡಿಗೆಮನೆಗೆ ಬಂದರು. "ನಿನ್ನ ಗಂಡನನ್ನು ಕರಿ ಸುಮಾ. ಇದು ಎಂತ ಅಂತ ಓದಿ ಹೇಳ್ಲಿ."

ಯಜಮಾನರು ಓದಿ ಕನ್ನಡಕ ತೆಗೆದರು. ವರದಿಯಲ್ಲಿದ್ದ ಹೆಸರು ಫೆಂಟನಿಲ್. ಅದು ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರುಗಳು ಅಳೆದು ಕೊಡುವ ನೋವಿನ ಔಷಧಿ, ಉಪ್ಪಿನ ಕೆಲವು ಹರಳಿನಷ್ಟು ಹೆಚ್ಚಾದರೂ ಉಸಿರು ನಿಲ್ಲುತ್ತದೆ ಎಂದರು. ಕದ್ದುಮುಚ್ಚಿ ಮಾಡುವವರು ಅದನ್ನು ಬೇರೆ ಮಾತ್ರೆಗೆ ಬೆರೆಸಿ, ಅಸಲಿ ಮಾತ್ರೆಯಂತೆಯೇ ಅಚ್ಚು ಹಾಕಿ ಮಾರುತ್ತಾರಂತೆ. ನೋಡಿದರೆ ಗೊತ್ತಾಗುವುದಿಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಆ ರಾತ್ರಿ ನಡೆದದ್ದೂ ವರದಿಯಲ್ಲಿತ್ತು. ಶರೆಲ್‌ಗೆ ಬೆನ್ನುನೋವು. ಜೊತೆಯಲ್ಲಿದ್ದ ಹುಡುಗಿ, ನನ್ನ ಹತ್ತಿರ ಇದೆ ತಗೋ ಎಂದು ಯಾರಿಂದಲೋ ಕೊಂಡಿದ್ದ ಒಂದು ಮಾತ್ರೆ ಕೊಟ್ಟಳು. ಆಮೇಲೆ ಶರೆಲ್ ಜೋರಾಗಿ ಗೊರಕೆ ಹೊಡೆಯುವುದು ಕೇಳಿ, ಪಾಪ ದಣಿದಿದ್ದಾಳೆ ಎಂದು ಅವಳೇ ಬಾಗಿಲು ಮುಚ್ಚಿದಳು. ಅದು ನಿದ್ದೆಯ ಗೊರಕೆಯಲ್ಲ, ಉಸಿರು ಕಟ್ಟುವ ಸದ್ದು ಎಂದು ಆ ಮಗುವಿಗಾದರೂ ಹೇಗೆ ಗೊತ್ತಾಗಬೇಕು.

ಹಿಲ್ಡಾ ಬಾಯಿ ಅಳಲಿಲ್ಲ. "ಒಂದು ಗುಳಿಗೆಯಾ? ಒಂದೇ?" ಎಂದು ಎರಡು ಸಲ ಕೇಳಿದರು. ಹೌದು ಎಂದರು ಯಜಮಾನರು.

ಇದನ್ನು ಎಲ್ಲರಿಗೂ ಹೇಳಬೇಕೆಂಬ ಹಿಲ್ಡಾ ಬಾಯಿಯ ಹಟದಿಂದ ಗಂಡ ಹೆಂಡತಿಯ ನಡುವೆ ಬಿರುಕು ಬಿತ್ತು. ಗ್ರೆಗರಿಯವರು ಪೇಟೆಯ ನಡುವಿನ ಒಂದು ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವರು, ಜೋರು ಮಾತಾಡಿದವರಲ್ಲ. ಆದರೆ ಮೇಲಿನ ಮನೆಯಿಂದ ಅವರ ದನಿ ನಮಗೆ ಕೇಳಿಸುತ್ತಿತ್ತು: "ನಾಳೆ ಜನ ಎಂತ ಹೇಳ್ತಾರೆ? ಡ್ರಗ್ಸ್ ತಿಂದು ಸತ್ತಳು ಅಂತ. ನನ್ನ ಮಗಳಿಗೆ ಉಳಿದದ್ದು ಅವಳ ಹೆಸರು ಒಂದೇ. ಅದನ್ನಾದ್ರೂ ಬಿಡು, ಹಿಲ್ಡಾ."

ಶರೆಲ್ ತೀರಿಕೊಂಡ ವರ್ಷದ ಪೂಜೆ ಬಂತು. ಚರ್ಚಿನಲ್ಲಿ ಪೂಜೆ ಮುಗಿದು ಪಕ್ಕದ ಸಭಾಂಗಣದಲ್ಲಿ ಚಹಾ. ನಗರದ ಇನ್ನೊಂದು ಕೊನೆಯ ಲೊರೆಶೋದಿಂದ ಹಿಡಿದು ಎಲ್ಲ ಕಡೆಯ ಕೊಂಕಣಿಗರೂ ಕನ್ನಡದವರೂ ಬಂದಿದ್ದರು. ಬಂದವರಿಗೆ ವಂದನೆ ಹೇಳಲು ಎದ್ದು ನಿಂತ ಹಿಲ್ಡಾ ಬಾಯಿ, ವಂದನೆ ಹೇಳಲಿಲ್ಲ.

"ನನ್ನ ಶರೆಲ್ ಹಾರ್ಟ್ ಅಟ್ಯಾಕಲ್ಲಿ ಹೋದದ್ದಲ್ಲ. ಬೆನ್ನುನೋವಿಗೆ ಯಾರೋ ಕೊಟ್ಟ ಗುಳಿಗೆ ತಿಂದು ಹೋದದ್ದು. ಅದರಲ್ಲಿ ಫೆಂಟನಿಲ್ ಅಂತ ವಿಷ ಇತ್ತು. ಅವಳು ಡ್ರಗ್ಸ್ ತಗೊಳ್ತಿರ್ಲಿಲ್ಲ. ತಗೊಳ್ತಿದ್ರೂ ನಾನು ಇಲ್ಲಿ ನಿಂತು ಇದನ್ನೇ ಹೇಳ್ತಿದ್ದೆ, ಆಗಲೂ ಅವಳು ನನ್ನ ಮಗಳೇ. ಕೈಯಲ್ಲಿ ಕೊಟ್ಟ ಗುಳಿಗೆಯನ್ನು ಹೆಸರು ಕೇಳದೆ ನುಂಗ್ಲಿಕ್ಕೆ ಅವಳಿಗೆ ಕಲಿಸಿದ್ದು ಯಾರು? ಕೆನಡಾದವರಲ್ಲ. ನಾನು. ನಿಮಗೆಲ್ಲ ಕೂಡ ಕಲಿಸಿದ್ದು ನಾನೇ."

ಗ್ರೆಗರಿಯವರು ಕಪ್ಪು ಕೆಳಗಿಟ್ಟು ಹೊರಗೆ ಹೋಗಿ ಕಾರಿನಲ್ಲಿ ಕುಳಿತರು. ಹಿಂದೆ ಯಾರೋ, "ಇದೆಲ್ಲ ಇಲ್ಲಿ ಬೇಕಿತ್ತಾ" ಎಂದು ಪಿಸುಗುಟ್ಟಿದರು. ನಾನು ತಲೆ ತಗ್ಗಿಸಿದ್ದೆ. ನನ್ನ ಅಡಿಗೆಮನೆಯ ಡ್ರಾಯರಿನಲ್ಲಿ ಅವರ ಕೈಬರಹದ ಆರು ಪೊಟ್ಟಣಗಳಿದ್ದವು.

ಮರುವಾರದಿಂದ ಅವರು ಮನೆಮನೆಗೆ ನಡೆದರು. ಮೊದಲು ಕೊಡಲು ಬರುತ್ತಿದ್ದವರು ಈಗ ಇಸಿದುಕೊಳ್ಳಲು ಬರುತ್ತಿದ್ದರು. ಜೊತೆಗೆ ನಾನೂ ಹೋಗುತ್ತಿದ್ದೆ. "ಡಬ್ಬಿ ತೆಗಿ" ಎನ್ನುವರು. ಶೀಟಿನ ಮೇಲೆ ಹೆಸರಿದ್ದರೆ ಉಳಿಯಿತು, ಇಲ್ಲದಿದ್ದರೆ ಚೀಲಕ್ಕೆ. ಚೀಲ ತುಂಬಿದರೆ ಔಷಧಿ ಅಂಗಡಿಯವರಿಗೆ ಒಪ್ಪಿಸಿ ಬರುವರು. ಊರಿಂದ ಬಂದ ಮಾತ್ರೆಗಳಲ್ಲಿ ಆ ವಿಷವಿಲ್ಲ ಎಂದು ಅವರಿಗೂ ಗೊತ್ತಿತ್ತು. "ಗುಳಿಗೆಯಲ್ಲಿ ಇಲ್ಲ ಮಾರಾಯ್ತಿ, ಅಭ್ಯಾಸದಲ್ಲಿ ಉಂಟು" ಎನ್ನುತ್ತಿದ್ದರು.

ಪಕ್ಕದ ಕಟ್ಟಡದ ರಾಯರು ನಿವೃತ್ತ ಮ್ಯಾನೇಜರು, ಒಪ್ಪಲಿಲ್ಲ. "ಇದು ನನ್ನ ಬಿಪಿ ಮಾತ್ರೆ ಕಣ್ರೀ. ಹೆಸರು ಯಾಕೆ, ನಂಗೆ ಬಣ್ಣ ಗೊತ್ತಿದೆ."

"ಬಣ್ಣ ಶರೆಲಿಗೂ ಗೊತ್ತಿತ್ತು ರಾಯರೇ."

ರಾಯರು ಡಬ್ಬಿಯನ್ನೇ ಕೊಟ್ಟುಬಿಟ್ಟರು. ಹಿಲ್ಡಾ ಬಾಯಿ ಮಾತ್ರೆಗಳನ್ನು ಚೀಲಕ್ಕೆ ಸುರಿದು ಅದನ್ನು ವಾಪಸು ಕೊಡುತ್ತ, "ಡಬ್ಬಿ ಇಟ್ಕೊಳ್ಳಿ, ಚಕ್ಕುಲಿ ಹಾಕ್ಲಿಕ್ಕೆ ಆಗ್ತದೆ" ಎಂದರು. ಮೆಟ್ಟಿಲು ಇಳಿಯುವಾಗ ಇಬ್ಬರೂ ನಕ್ಕೆವು. ಎಷ್ಟೋ ತಿಂಗಳ ಮೇಲೆ ಅವರು ನಕ್ಕದ್ದನ್ನು ಅಂದು ದೀಪದ ಮುಂದೆ ನೆನೆದೆ.

ಓದಲು ಹೊರದೇಶಕ್ಕೆ ಹೊರಟ ಮಕ್ಕಳಿದ್ದ ಮನೆ ಎಂದರೆ ಅಲ್ಲಿ ಅವರು ಕುಳಿತೇಬಿಡುತ್ತಿದ್ದರು. ಅನಘಾಳನ್ನೂ ಎದುರಿಗೆ ಕೂರಿಸಿಕೊಂಡರು. "ಗೆಳತಿ ಕೊಟ್ಟಳು ಅಂತ ತಗೊಳ್ಬೇಡ, ಅವಳಿಗೂ ಗೊತ್ತಿರುದಿಲ್ಲ. ಔಷಧಿ ಅಂಗಡಿಯಿಂದ ಬಂದದ್ದು, ಹೆಸರು ಇದ್ದದ್ದು, ಅಷ್ಟೇ. ಯಾರಾದ್ರೂ ಎಬ್ಬಿಸಿದ್ರೆ ಏಳದೆ ಗೊರಗೊರ ಮಾಡಿದ್ರೆ, ತುಟಿ ನೀಲಿ ಆದ್ರೆ, ಮಲಗ್ಲಿಕ್ಕೆ ಬಿಡ್ಬೇಡ, ಕೂಡ್ಲೇ ಆಂಬುಲೆನ್ಸ್ ಕರಿ. ಮೂಗಿಗೆ ಹೊಡೆಯುವ ಮದ್ದು ಉಂಟು, ನಲೋಕ್ಸೋನ್ ಅಂತ. ಉಸಿರು ವಾಪಸು ಬರ್ಲಿಕ್ಕೆ. ಹೋದ ಕೂಡ್ಲೇ ಅದು ಎಲ್ಲಿ ಸಿಗ್ತದೆ ಅಂತ ಕೇಳು. ಪೊಲೀಸು ಬರ್ತಾರೆ ಅಂತ ಹೆದರಿ ಕೂರ್ಬೇಡ."

"ಐ ನೋ, ಆಂಟಿ."

"ನೋ ಅಲ್ಲ, ಹೇಳು ನೋಡುವ."

ಅನಘಾ ಎಲ್ಲವನ್ನೂ ಒಪ್ಪಿಸಿದಳು, ತಪ್ಪುತಪ್ಪು ಕನ್ನಡದಲ್ಲಿ. ಅವಳು ಓದಲು ಹೊರದೇಶಕ್ಕೆ ಹೋದ ಮೊದಲ ಚಳಿಗಾಲದಲ್ಲಿ ಹಲ್ಲು ನೋವು ಬಂದು ಕೆನ್ನೆ ಊದಿತಂತೆ. ಹಾಸ್ಟೆಲಿನವರೊಬ್ಬರು ಮಾತ್ರೆ ಕೊಡಲು ಬಂದರಂತೆ. ಬೇಡವೆಂದು, ಡಾಕ್ಟರು ಸಿಗುವ ತನಕ ಎರಡು ದಿನ ಉಪ್ಪುನೀರು ಮುಕ್ಕಳಿಸಿದಳಂತೆ. ಮಗಳು ನೋವು ತಿಂದದ್ದಕ್ಕೆ ದೇವರಿಗೆ ಕೈಮುಗಿದ ತಾಯಿ ನಾನೊಬ್ಬಳೇ ಇರಬೇಕು. ಓಡಿ ಹೋಗಿ ಮೇಲೆ ಹೇಳಿದೆ. ಹಿಲ್ಡಾ ಬಾಯಿ ನನ್ನ ಭುಜ ಹಿಡಿದುಕೊಂಡು ನಿಂತರು. ಒಳಕೋಣೆಯಲ್ಲಿ ಗ್ರೆಗರಿಯವರು ಪೇಪರು ಓದುತ್ತಿದ್ದರು. ಕೇಳಿಸಿತೋ ಇಲ್ಲವೋ, ಪೇಪರು ಕೆಳಗಿಳಿಯಲಿಲ್ಲ. ಹೆಂಡತಿ ಈ ಮಾತು ಹೇಳಲು ಹೊರಟ ಕಡೆಗೆಲ್ಲ ಅವರು ಕಾರು ಓಡಿಸಿಕೊಂಡು ಬರುವರು, ಒಳಗೆ ಮಾತ್ರ ಕಾಲಿಡರು.

ಕಳೆದ ವರ್ಷ ಅವರಿಬ್ಬರೂ ಮಂಗಳೂರಿಗೆ ಮರಳಿದರು. ಈಗ ಮೇಲಿನ ಮನೆಯಲ್ಲಿ ಬೇರೆಯವರಿದ್ದಾರೆ, ಒಳ್ಳೆಯ ಜನವೇ. ನನಗೆ ತಲೆನೋವು ಬಂದರೆ ಮೆಟ್ಟಿಲಿನ ಕಡೆ ಕಿವಿ ಹೋಗುತ್ತದೆ, ಅಷ್ಟೇ.

ಹೊರಟ ದಿನ ಏರ್‌ಪೋರ್ಟಿನ ತನಕ ನಾನೂ ಟ್ಯಾಕ್ಸಿಯಲ್ಲಿ ಹೋಗಿದ್ದೆ. ಬೆಳಗಿನ ಹೊತ್ತು, ಮೊಂಬಾಸಾ ರಸ್ತೆಯಲ್ಲಿ ಮಟಾಟು ವ್ಯಾನುಗಳ ಸಾಲು. ಗ್ರೆಗರಿಯವರು ಡ್ರೈವರ್ ಪಕ್ಕದಲ್ಲಿ, ನಾವಿಬ್ಬರೂ ಹಿಂದೆ. ಡ್ರೈವರ್ ಮಾತುಗಾರ. ಎಷ್ಟು ವರ್ಷವಾಯಿತು ಇಲ್ಲಿ, ಮಕ್ಕಳೆಷ್ಟು ಎಂದು ಕೇಳಿದ. ಹಿಲ್ಡಾ ಬಾಯಿ ಉತ್ತರ ಹೇಳಲು ಮುಂದಕ್ಕೆ ಬಾಗಿದರು.

ಅವರು ಬಾಯಿ ತೆರೆಯುವಷ್ಟರಲ್ಲಿ ಗ್ರೆಗರಿಯವರು ಹೇಳಿದರು: "ಒಬ್ಬಳು ಮಗಳು. ಶರೆಲ್ ಅಂತ ಹೆಸರು. ತೀರಿಕೊಂಡಳು. ಯಾರೋ ಕೊಟ್ಟ ಒಂದು ಮಾತ್ರೆ, ಅದರಲ್ಲಿ ಫೆಂಟನಿಲ್ ಇತ್ತು. ನಿನಗೆ ಮಕ್ಕಳಿದ್ದಾರಾ?"

"ಇಬ್ಬರು" ಎಂದ ಡ್ರೈವರ್. ರೇಡಿಯೋ ಆರಿಸಿದ.

"ಹಾಗಾದರೆ ಕೇಳು" ಎಂದು ಗ್ರೆಗರಿಯವರು ಶುರು ಮಾಡಿದರು. ಬ್ಯಾಂಕಿನಲ್ಲಿ ಗಿರಾಕಿಗೆ ತಿಳಿಹೇಳುವಂತೆ ನಿಧಾನವಾಗಿ, ಇಂಗ್ಲಿಷು ಸ್ವಾಹಿಲಿ ಬೆರೆಸಿ. ನೋಡಿದರೆ ಗೊತ್ತಾಗುವುದಿಲ್ಲ ಎಂದರು. ಗೊರಕೆಯ ವಿಷಯವನ್ನು ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಿದರು. ನಡುನಡುವೆ ಡ್ರೈವರ್, ಮೂಗಿಗೆ ಹೊಡೆಯುವ ಆ ಮದ್ದಿನ ಹೆಸರೇನೆಂದಿರಿ, ಎಂದು ಕೇಳುತ್ತಿದ್ದ. ಇವರು ಅಕ್ಷರ ಬಿಡಿಸಿ ಹೇಳುತ್ತಿದ್ದರು.

ಹಿಲ್ಡಾ ಬಾಯಿ ಹಿಂದಕ್ಕೆ ಒರಗಿ ಕಿಟಕಿಯ ಗಾಜು ಇಳಿಸಿಕೊಂಡರು. ಏರ್‌ಪೋರ್ಟು ಬರುವ ತನಕ ಮಾತು ಗ್ರೆಗರಿಯವರದೇ.