ಬೆಲ್ಟ್ ಟೆಸ್ಟಿಗೆ ಬಂದ ಹಂದಿಗಳು

ಕಳೆದ ಭಾನುವಾರ ಕರಾಟೆ ಬೆಲ್ಟ್ ಟೆಸ್ಟಲ್ಲಿ ನಾನು ಪಂಚ್ ಹೊಡೆದೆ. ಕೈ ಸರಿಯಾಗಿ ಹೋಯಿತು, ಕಾಲು ಸರಿಯಾಗಿ ನಿಂತಿತು. ಬಾಯಿಂದ ಮಾತ್ರ ಸೀಮೆಸುಣ್ಣ ಮುರಿದಂಥ ಒಂದು ಸದ್ದು ಬಂತು.

ಈರೋಡಿನಿಂದ ಬಂದಿದ್ದ ಎಕ್ಸಾಮಿನರ್ ಸಾರ್ ಪೆನ್ನು ಕೆಳಗಿಟ್ಟರು. "ಸೌಂಡ್ ಎಂಗಮ್ಮಾ?" ಎಂದು ತಮಿಳಲ್ಲಿ ಕೇಳಿದರು, ಸದ್ದು ಎಲ್ಲಿ ಅಂತ.

ಕರಾಟೆ ಗೊತ್ತಿಲ್ಲದವರಿಗೆ ಹೇಳ್ತೇನೆ. ಹೊಡೆಯುವಾಗ ಹೊಟ್ಟೆಯಾಳದಿಂದ ಒಂದು ಕೂಗು ಹಾಕಬೇಕು. ಅದು ಬರದಿದ್ದರೆ ಎಷ್ಟು ಚೆನ್ನಾಗಿ ಹೊಡೆದರೂ ಫೇಲ್.

ನಾನು ಮೂರನೇ ಕ್ಲಾಸಿನಿಂದ ಹಾಸ್ಟೆಲಲ್ಲಿ ಬೆಳೆದವಳು. ಅಲ್ಲಿ ಸೀನಿದರೂ ಸಾರಿ ಹೇಳಬೇಕಿತ್ತು. ನನ್ನ ಹೊಟ್ಟೆಯಾಳದಲ್ಲಿ ಇರೋದು ಆಸಿಡಿಟಿ ಮಾತ್ರ.

ಈ ವರ್ಷ ಕಾಲೇಜು, ಫಸ್ಟ್ ಇಯರ್. ಚಾಮರಾಜನಗರಕ್ಕೆ ಬಸ್ಸಲ್ಲಿ ಹೋಗಿಬರುತ್ತಾ, ಗಡಿಯಾಚೆ ಈರೋಡ್ ಜಿಲ್ಲೆಗೆ ಸೇರಿದ ನಮ್ಮೂರು ತಿಗನಾರೆಯ ಮನೆಯಲ್ಲೇ ಇದ್ದೇನೆ. ಊರಿನ ಹುಡುಗಿಯರಿಗೆ ನಾನು ರಜಕ್ಕೆ ಬಂದು ಹೋಗುವ ಪಾರ್ಟಿ. ಕನ್ನಡ ಮಾತಾಡಿದರೆ ನಗ್ತಾರೆ, ಇಂಗ್ಲಿಷ್ ಬಂದರೆ ಎದ್ದು ಹೋಗ್ತಾರೆ.

ಆಂಗ್ಸೈಟಿಗೆ ಎಕ್ಸರ್‌ಸೈಜ್ ಒಳ್ಳೇದು ಅಂತ ಎಲ್ಲೋ ಓದಿ, ಸ್ಕೂಲ್ ಗ್ರೌಂಡಿನ ಕರಾಟೆ ಕ್ಲಾಸಿಗೆ ಸೇರಿದೆ. ಮೊದಲ ದಿನ ಜೋಡಿಯಾಗಿ ಸಿಕ್ಕವಳು ಮಾದೇವಿ. ಸಿಕ್ಕ ಕೂಡಲೇ ನನ್ನ ಮೊಣಕಾಲಿಗೆ ಒದ್ದಳು.

"ನೋವಾಯ್ತಾ ಅಮ್ಮಿ?"

ಇಲ್ಲ ಅಂದೆ. ಮ್ಯಾನರ್ಸ್.

"ಅಂಗಾರೆ ಸರ್ಯಾಗ್ ಬಿದ್ದಿಲ್ಲ. ತಡಿ, ಇನ್ನೊಂದ್ ಕಿತ ಒದೀತೀನಿ."

ವಾರ್ಡನ್ ರೂಮ್ ಹಂಚಿಕೊಡದೆ ನನಗೆ ಸಿಕ್ಕ ಮೊದಲ ಫ್ರೆಂಡ್ ಇವಳು.

ನಮ್ಮ ಕ್ಲಾಸಲ್ಲಿ ಒಂದೇ ಬಣ್ಣದ ಬೆಲ್ಟಿನವರು ಮಾತ್ರ ಜೋಡಿ. ಮಾದೇವಿ ಹಳದಿಗೆ ಹೋಗೋದು ಗ್ಯಾರಂಟಿ ಅಂತ ಎಲ್ಲರಿಗೂ ಗೊತ್ತಿತ್ತು. ನಾನು ಬಿಳಿಯಲ್ಲೇ ಉಳಿದರೆ ಯಾರ ಹತ್ತಿರ ಒದೆಸಿಕೊಳ್ಳಲಿ? ಟೆಸ್ಟಿನ ಹಿಂದಿನ ವಾರವೆಲ್ಲ ನಾನು ಊಟ ಬಿಟ್ಟಿದ್ದು ಇದೇ ಯೋಚನೆಯಲ್ಲಿ.

ಅವತ್ತು ದಿಂಬಂ ಘಾಟಿಯ ತಿರುವಲ್ಲಿ ಲಾರಿ ಕೆಟ್ಟು ನಿಂತು ಎಕ್ಸಾಮಿನರ್ ಸಾರ್ ಲೇಟು. ಟೆಸ್ಟ್ ಶುರುವಾಗುವಾಗ ಹೊತ್ತು ಮುಳುಗುತ್ತಿತ್ತು. ಗ್ರೌಂಡಿನ ಬೇಲಿ ದಾಟಿದರೆ ಜೋಳದ ಹೊಲಗಳು, ಅದರಾಚೆ ಕಾಡು. ಜನ ಕಾವಲಿಗೆ ಬರುವ ಹೊತ್ತು ಅದು.

"ಲಾಸ್ಟ್ ಚಾನ್ಸ್" ಅಂದರು ಸಾರ್. ನಾನು ಉಸಿರು ಎಳೆದುಕೊಂಡೆ. ಮತ್ತೆ ಸೀಮೆಸುಣ್ಣ.

ಪಕ್ಕದಲ್ಲಿ ನಿಂತಿದ್ದ ಮಾದೇವಿಗೆ ತಾಳ್ಮೆ ಹೋಯಿತು. "ಇಂಗ್ ಕೂಗ್ಬೇಕು ಕಣಮ್ಮಿ" ಅಂದವಳೇ ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು. ಚಿಕ್ಕಂದಿನಿಂದ ಅವಳು ಜೋಳದ ಹೊಲದಲ್ಲಿ ಹಂದಿ ಓಡಿಸುವ ಕೂಗು.

ಒಂದು ಕ್ಷಣ ಏನೂ ಆಗಲಿಲ್ಲ...

ಆಮೇಲೆ ಹೊಲದಿಂದ ಇನ್ನೊಂದು ಕೂಗು. ಅದಕ್ಕೆ ಆಚೆ ಹೊಲದಿಂದ ಮತ್ತೊಂದು.

ನಮ್ಮ ಕಡೆಯ ಪದ್ಧತಿ ನನಗೆ ಗೊತ್ತಾಗಿದ್ದೇ ಆಗ. ಒಂದು ಹೊಲದಲ್ಲಿ ಕೂಗಿದರೆ ಪಕ್ಕದವರು ಮರುಕೂಗು ಕೊಟ್ಟು, ಕೈಗೆ ಸಿಕ್ಕಿದ್ದು ಹಿಡಿದು ಓಡಿ ಬರಬೇಕು. ಯಾಕೆ ಅಂತ ಕೇಳೋದೆಲ್ಲ ಬಂದ ಮೇಲೆ.

ಬೇಲಿ ಹಾರಿ ಮಾದೇವಿಯ ಚಿಕ್ಕಪ್ಪ ದೊಣ್ಣೆ ಹಿಡಿದು ಬಂದರು. ಹಿಂದೆ ತಗಡಿನ ಡಬ್ಬ ಬಡಿಯುತ್ತಾ ಇಬ್ಬರು ಹೆಂಗಸರು, ಅವರ ಹಿಂದೆ ನಾಯಿಗಳು. ಯಾರೋ ಪಟಾಕಿ ಹೊಡೆದರು.

ನೋಡಿದರೆ ಬ್ಲ್ಯಾಕ್ ಬೆಲ್ಟ್ ಎಕ್ಸಾಮಿನರ್ ಸಾರ್ ಮೇಜಿನ ಮೇಲಿದ್ದರು. ಆ ಟೆಕ್ನಿಕ್ ನಮಗಿನ್ನೂ ಕಲಿಸಿಲ್ಲ.

"ಎಲ್ಲಮ್ಮಿ ಅಂದಿ?" ಅಂದರು ಚಿಕ್ಕಪ್ಪ.

"ಅಂದಿ ಇಲ್ಲ ಚಿಕ್ಕಪ್ಪ. ಪರೀಕ್ಸೆ" ಅಂದಳು ಮಾದೇವಿ.

ನಾವೆಲ್ಲ ನಕ್ಕೆವು. ಚಿಕ್ಕಪ್ಪ ನಗಲಿಲ್ಲ.

"ಒಲ ಬುಟ್ಟು ಓಡ್ ಬಂದಿವ್ನಿ. ಸುಮ್ಸುಮ್ನೆ ಕೂಗುದ್ರೆ, ನಾಳೆ ನಿಜ್ವಾಗ್ಲೂ ಅಂದಿ ಬಿದ್ದಾಗ ಯಾವನ್ ಬತ್ತಾನೆ? ಸಾಕು ಈ ಕರಾಟಿ. ನಡಿ ಮನೆಗೆ." ಮಾದೇವಿಯ ಬ್ಯಾಗನ್ನು ಅವರೇ ಎತ್ತಿಕೊಂಡರು.

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅದೇ ಪ್ರಾಬ್ಲಂ. ಮಾದೇವಿ ಕೂಡ ತಲೆ ಬಗ್ಗಿಸಿ ಹೊರಟಳು. ಹಳದಿಯೂ ಇಲ್ಲ, ಬಿಳಿಯೂ ಇಲ್ಲ, ಇವಳು ಇನ್ನು ಕ್ಲಾಸಿಗೇ ಬರೋದಿಲ್ಲ ಅಂತ ನನಗೆ ಗೊತ್ತಾಯಿತು.

ನನ್ನ ತಲೆಯಲ್ಲಿ ಸಾರಿ ಅಂಕಲ್, ಪ್ಲೀಸ್ ಅಂಕಲ್ ಎಲ್ಲ ಕ್ಯೂ ನಿಂತಿದ್ದವು. ಬಾಯಿಂದ ಬಂದಿದ್ದೇ ಬೇರೆ.

"ಚಿಕ್ಕಪ್ಪಾ, ಅವಳನ್ನ ಬಿಡಿ. ಕೂಗಬೇಕಾಗಿದ್ದೋಳು ನಾನು."

ಎಲ್ಲಿಂದ ಬಂತೋ ಆ ಗಂಟಲು. ನಾಯಿಗಳು ಬೊಗಳೋದು ನಿಲ್ಲಿಸಿದವು. ದೂರದ ಯಾವುದೋ ಹೊಲದಿಂದ "ಓಓಯ್" ಅಂತ ಮರುಕೂಗು ಬಂತು... ನನಗೆ.

ಚಿಕ್ಕಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಸ್ಟ್ ಗಂಟ್ಲಿರೋಳು ಮೊದ್ಲೇ ಕೂಗಕ್ಕೇನಮ್ಮಿ ದಾಡಿ?"

ಬ್ಯಾಗ್ ಕೆಳಗಿಟ್ಟರು. "ಇಬ್ರೂ ಒಲ ಒಲಕ್ಕೂ ಓಗಿ, ಅಂದಿ ಬಂದಿಲ್ಲ, ತಪ್ಪಾಯ್ತು ಅಂತ ಏಳ್ ಬನ್ನಿ. ಆಮೇಕ್ ಕರಾಟಿ ಗಿರಾಟಿ ಏನಾರ ಮಾಡ್ಕಳಿ."

ಹೋದೆವು. ಪ್ರತಿ ಹೊಲದಲ್ಲೂ ಬೈಸಿಕೊಂಡೆವು. ಒಂದು ಕಡೆ ಬೈಗುಳದ ಜೊತೆ ಸುಟ್ಟ ಜೋಳವೂ ಸಿಕ್ಕಿತು, ಮಾದೇವಿ ದೊಡ್ಡ ತುಂಡು ತಾನೇ ಇಟ್ಟುಕೊಂಡಳು.

ವಾಪಸ್ ಬರುವಷ್ಟರಲ್ಲಿ ಸಾರ್ ಮೇಜಿನಿಂದ ಇಳಿದು ರಿಸಲ್ಟ್ ಬರೆದಿದ್ದರು. ನಾನು ಪಾಸ್, ಸೌಂಡಿಗೆ ಫುಲ್ ಮಾರ್ಕ್ಸ್. ಮಾದೇವಿ ಫೇಲ್. ಟೆಸ್ಟ್ ಮಧ್ಯೆ ಡಿಸಿಪ್ಲಿನ್ ಮುರಿದಳಂತೆ.

"ಓಗ್ಲಿ ಬುಡಮ್ಮಿ. ಅರಿಸ್ನದ ಬಣ್ಣ ನಂಗ್ ಒಪ್ಪಲ್ಲ" ಅಂದಳು. ಆಮೇಲೆ ಮನೆ ತಿರುವಿನವರೆಗೂ ಒಂದು ಮಾತಿಲ್ಲ. ಅವಳು ಸುಮ್ಮನೆ ನಡೆಯೋದನ್ನ ನಾನು ಯಾವತ್ತೂ ನೋಡಿರಲಿಲ್ಲ.

ನಿನ್ನೆ ಕ್ಲಾಸಿತ್ತು. ನಾನು ಬಿಳಿ ಬೆಲ್ಟ್ ಕಟ್ಟಿಕೊಂಡು ಹಿಂದಿನ ಸಾಲಲ್ಲಿ, ಮಾದೇವಿ ಎದುರು ನಿಂತೆ. ಹೊಸ ಬೆಲ್ಟ್ ಎಲ್ಲಿ ಅಂತ ನಮ್ಮ ಕರಾಟೆ ಮಾಸ್ಟರ್ ಕೇಳಿದರು. ಒಗೆದು ಹಾಕಿದ್ದೀನಿ ಮಾಸ್ಟರ್, ಇನ್ನೂ ಒಣಗಿಲ್ಲ ಅಂದೆ.

ಮಾದೇವಿ ನನ್ನ ಮೊಣಕಾಲಿಗೆ ಒದ್ದಳು, ಸರಿಯಾಗಿಯೇ ಬಿತ್ತು.

ಮುಂದಿನ ಟೆಸ್ಟಿಗೆ ಇನ್ನೂ ತಿಂಗಳುಗಳಿವೆ. ಒಂದು ಬೆಲ್ಟ್ ಒಣಗೋಕೆ ಎಷ್ಟು ವಾರ ಬೇಕು ಅಂದರೆ ಮಾಸ್ಟರ್ ನಂಬ್ತಾರೆ, ಯಾರಿಗಾದರೂ ಐಡಿಯಾ ಇದೆಯಾ?